ಈ ಚಳಿಗಾಲ ನೋಡಿದ್ದು, ಓದಿದ್ದು, ಓದಲಾರದೆ ಹೋದದ್ದು

ಡಾಫಿನ್, ಮ್ಯಾನಿಟೋಬಾ
ಏಪ್ರಿಲ್ ೧೪, ಸೋಮವಾರ

ಪ್ರೀತಿಯ ಲೋರೆಟಾ,

ನಿನಗೆ ಒಂದು ಸಾಲು ಬರೆದು ಏಳು ತಿಂಗಳಾಯಿತು. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಚಹಾ ಮಾಡಿಕೊಂಡು ಬಂದು ಕೂತು ಮುಂದೆ ಓದು. ಪತ್ರ ಉದ್ದವಿದೆ. ನೀನು ಆ ದೂರದ ಟ್ರೂರೋ ಊರಿಗೆ ಹೋದಾಗಿನಿಂದ, ಅಂದರೆ ಹನ್ನೊಂದು ವರ್ಷದಿಂದ, ತಿಂಗಳಿಗೊಂದು ಪತ್ರ ನಾವಿಬ್ಬರೂ ತಪ್ಪಿಸಿದ್ದಿಲ್ಲ. ಏನು ಓದಿದೆವು, ಟೀವಿಯಲ್ಲಿ ಏನು ನೋಡಿದೆವು, ಯಾವುದು ಚೆನ್ನಾಗಿತ್ತು, ಯಾವುದಕ್ಕೆ ಬೆಂಕಿ ಹಾಕಬೇಕು ಅಂತ ಒಬ್ಬರಿಗೊಬ್ಬರು ವರದಿ ಒಪ್ಪಿಸಿದ್ದೇ ಒಪ್ಪಿಸಿದ್ದು. ನನ್ನ ವಾಸಿಲ್ ತೀರಿಕೊಂಡ ತಿಂಗಳೂ ಬರೆದಿದ್ದೆ. ಗಂಡ ಸತ್ತ ವಾರ ಯಾವ ಪತ್ತೇದಾರಿ ಪುಸ್ತಕ ಓದಿದೆ ಅಂತ ಬರೆದವಳು, ಈಗ ಏಳು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ ಅಂದರೆ ಕಾರಣ ಇರಲೇಬೇಕಲ್ಲ.

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ತಡೆಯಲಾಗುವುದಿಲ್ಲ. ಮಾರ್ಚ್ ಕೊನೆಯ ಶುಕ್ರವಾರ ನಾನು ಒಂದು ಪುಸ್ತಕ ಓದಿ ಮುಗಿಸಿದೆ. ಒಟ್ಟು ಮೂವತ್ತೆರಡು ಪುಟ, ಅದರಲ್ಲಿ ಮುಕ್ಕಾಲು ಪಾಲು ಚಿತ್ರ. ಚಳಿಗಾಲ ಬಂದರೂ ನಿದ್ದೆ ಬಾರದ ಕರಡಿಮರಿಯ ಕಥೆ. ಹದಿನೇಳು ದಿನ ಹಿಡಿಯಿತು. ಕೊನೆಗೆ ಕರಡಿಮರಿಗೆ ನಿದ್ದೆ ಬಂತು, ನನಗೆ ಅಳು ಬಂತು. ಪರಾಸ್ಕಾ ಅಡುಗೆಮನೆಯಿಂದ ಓಡಿ ಬಂದು, “ಏನಾಯ್ತೇ? ಕರಡಿ ಸತ್ತೋಯ್ತಾ?” ಅಂತ ಕೇಳಿದಳು.

ನಿನಗೆ ಪರಾಸ್ಕಾ ನೆನಪಿರಬೇಕು. ವಾಸಿಲನ ಅಕ್ಕ, ಎಪ್ಪತ್ತನಾಲ್ಕು ವರ್ಷ, ಮೂರು ವರ್ಷದಿಂದ ನನ್ನ ಜೊತೆಗೇ ಇದ್ದಾಳೆ. ಈ ಚಳಿಗಾಲದ ಕಥೆಯೆಲ್ಲ ಅವಳಿಂದಲೇ ಶುರು, ಅವಳಿಂದಲೇ ಬಚಾವು.

ಸೆಪ್ಟೆಂಬರ್ ಕೊನೆಯ ಗುರುವಾರ ಬೆಳಿಗ್ಗೆ ಎದ್ದಾಗ ತಲೆ ಭಾರವಾಗಿತ್ತು. ಕಾಫಿ ಇಟ್ಟುಕೊಂಡು ಪೇಪರ್ ಬಿಚ್ಚಿದೆ. ಅಕ್ಷರಗಳೆಲ್ಲ ಇದ್ದಲ್ಲೇ ಇದ್ದವು, ಕಪ್ಪಗೆ, ಸ್ಪಷ್ಟವಾಗಿ. ಆದರೆ ಒಂದೂ ನನಗೆ ಪರಿಚಯದ್ದಾಗಿರಲಿಲ್ಲ. ಜಾತ್ರೆಯಲ್ಲಿ ಕಂಡ ಮುಖಗಳ ಹಾಗೆ, ಮೂಗು ಬಾಯಿ ಎಲ್ಲ ಇದೆ, ಯಾರು ಅಂತ ಮಾತ್ರ ಗೊತ್ತಿಲ್ಲ. ಕನ್ನಡಕ ಒರೆಸಿದೆ. ಕಿಟಕಿ ಹತ್ತಿರ ಹೋದೆ. ಓಟ್ಸ್ ಡಬ್ಬ ನೋಡಿದೆ, ಔಷಧಿ ಬಾಟಲಿ ನೋಡಿದೆ. ಎಲ್ಲೂ ಒಂದಕ್ಷರ ಬಾಯಿ ಬಿಡಲಿಲ್ಲ.

ಇನ್ನೊಂದು ವಿಚಿತ್ರ ಕೇಳು. ಬರೆಯಲು ಬರುತ್ತಿತ್ತು! ಅಂಗಡಿಗೆ ಚೀಟಿ ಬರೆದೆ, ಬೀಟ್‌ರೂಟು, ಸಬ್ಬಸಿಗೆ, ಮೊಸರು ಅಂತ ಸಲೀಸಾಗಿ. ಅಂಗಡಿಗೆ ಹೋಗಿ ಚೀಟಿ ತೆಗೆದರೆ ನಾನೇ ಬರೆದದ್ದು ನನಗೇ ಓದಲಾಗದು. ಕೊನೆಗೆ ಅಂಗಡಿಯ ಹುಡುಗಿಗೆ ಚೀಟಿ ಕೊಟ್ಟು, “ಸ್ವಲ್ಪ ತೆಗೆದು ಕೊಡಮ್ಮ, ಸೊಂಟ ನೋವು” ಅಂದೆ. ಸೊಂಟಕ್ಕೇನೂ ಆಗಿರಲಿಲ್ಲ, ಕುದುರೆ ಹಾಗಿತ್ತು.

ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಅಂತ ಕೇಳುತ್ತೀಯ. ಹೆದರಿಕೆ ಕಣೇ. ಅಮ್ಮನಿಗೆ ಮರೆವು ಹೀಗೇ ಸಣ್ಣದಾಗಿ ಶುರುವಾಗಿ, ಎರಡೇ ವರ್ಷದಲ್ಲಿ ಹಾಸಿಗೆ ಹಿಡಿದದ್ದು ನೋಡಿದ್ದೆನಲ್ಲ. ಮೇಲಾಗಿ ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ ಅನ್ನುವುದೊಂದು. ಹತ್ತೊಂಬತ್ತು ವರ್ಷ ನಾನು ಮುಂದೆ ಸ್ಟೇರಿಂಗ್ ಹಿಡಿದೆ, ನೀನು ಹಿಂದೆ ಕೂತು ಹಳ್ಳಿಹಳ್ಳಿಗೆ ಪುಸ್ತಕ ಹಂಚಿದೆ. ಆ ಪುಸ್ತಕದ ಬಸ್ಸಿನ ಕೆಲಸಕ್ಕೆ ಬರುವಾಗ ನಾನು ಟ್ರಾಕ್ಟರಿನ ಕೈಪಿಡಿ ಬಿಟ್ಟರೆ ಬೇರೇನೂ ಓದಿದವಳಲ್ಲ. ನನ್ನನ್ನು ಓದುವವಳನ್ನಾಗಿ ಮಾಡಿದವಳು ನೀನು. ಓದು ಹೋಯಿತು ಅಂತ ಜಗತ್ತಿಗೆಲ್ಲ ಹೇಳಿದರೂ ನಿನಗೆ ಹೇಗೆ ಹೇಳಲಿ? ನಾಳೆ ಸರಿಹೋಗುತ್ತದೆ, ನಾಡಿದ್ದು ಸರಿಹೋಗುತ್ತದೆ ಅಂತ ಮುಚ್ಚಿಟ್ಟುಕೊಂಡೆ.

ಮುಚ್ಚಿಡುವುದು ಸುಲಭ ಅಂದುಕೊಂಡಿದ್ದೆ. ಟೀವಿ ಒಂದು ಬಿಟ್ಟರೆ ಸುಲಭವೇ ಆಗಿತ್ತು.

ಈಗ ಚಳಿಗಾಲದ ಮುಖ್ಯ ವರದಿ. ಆ ನಾರ್ವೆಯ ಪೊಲೀಸಮ್ಮನ ಸೀರಿಯಲ್ ಇದೆಯಲ್ಲ, ದ್ವೀಪ, ಮೀನಿನ ಕಾರ್ಖಾನೆ, ನೀರಲ್ಲಿ ತೇಲುವ ಹೆಣ, ಅದು ಅಕ್ಟೋಬರಿನಲ್ಲಿ ಶುರುವಾಯಿತು. ಮಾತೆಲ್ಲ ನಾರ್ವೆ ಭಾಷೆಯಲ್ಲಿ, ಅರ್ಥ ಪರದೆಯ ಕೆಳಗೆ ಅಕ್ಷರದಲ್ಲಿ ಓಡುತ್ತದೆ. ಪರಾಸ್ಕಾಳಿಗೆ ಅಷ್ಟು ಸಣ್ಣಕ್ಷರ ಕಾಣುವುದಿಲ್ಲ, ಕನ್ನಡಕವೂ ಹಾಕುವುದಿಲ್ಲ. “ಕನ್ನಡಕ ಹಾಕಿದ್ರೆ ಮುದುಕಿ ಥರ ಕಾಣ್ತೀನಿ” ಅನ್ನುತ್ತಾಳೆ. ಹಾಗಾಗಿ ಇಂಥವನ್ನೆಲ್ಲ ಮೊದಲಿಂದಲೂ ನಾನು ಓದಿ ಹೇಳಬೇಕು, ಅವಳು ಕೇಳಬೇಕು. ಮೊದಲ ಕಂತು ಶುರುವಾಯಿತು. ಪೊಲೀಸಮ್ಮ ಬಾಯಿ ತೆರೆದಳು.

“ಏನಂತಾಳೆ?” ಅಂದಳು ಪರಾಸ್ಕಾ.

ಪೊಲೀಸಮ್ಮ ಏನಂದಳೋ ದೇವರಿಗೇ ಗೊತ್ತು. “ಈ ಊರಿಗೆ ಬಂದು ಇಪ್ಪತ್ತು ವರ್ಷ ಆಯ್ತು ಅಂತಾಳೆ” ಅಂದುಬಿಟ್ಟೆ.

ಆಮೇಲೆ ನಿಲ್ಲಿಸುವುದು ಹೇಗೆ? ಒಂದು ಸುಳ್ಳಿಗೆ ಹತ್ತು ಸುಳ್ಳಿನ ತೇಪೆ. ದೋಣಿ ನಡೆಸುವ ಮುಂಗೋಪಿ ಮುದುಕನನ್ನು ಪೊಲೀಸಮ್ಮನ ಕಳೆದುಹೋದ ಅಪ್ಪ ಮಾಡಿದೆ. ಮಾತೇ ಆಡದ ಒಬ್ಬಳು ಅಜ್ಜಿ ಇದ್ದಳು, ಅವಳು ಸೂಪಿನಲ್ಲಿ ಏನೋ ಬೆರೆಸುತ್ತಾಳೆ ಅಂತ ಅನುಮಾನ ಹುಟ್ಟಿಸಿದೆ. ಔಷಧಿ ಅಂಗಡಿಯವನ ಮುಖ ಪಾಪದ ಹಾಗೆ ಕಂಡಿದ್ದರಿಂದ ಅವನನ್ನು ದೇವರಂಥ ಮನುಷ್ಯ ಮಾಡಿದೆ. ಆರು ವಾರ, ಆರು ಕಂತು. ಮೂರನೆಯ ಕಂತಿನಲ್ಲಿ ಸಿಕ್ಕಿಬೀಳುವುದರಲ್ಲಿದ್ದೆ. ಪೊಲೀಸಮ್ಮನೂ ಒಬ್ಬ ಮೀನುಗಾರನೂ ಹಡಗುಕಟ್ಟೆಯ ಮೇಲೆ ನಿಂತು ಜಗಳವಾಡುತ್ತಿದ್ದರು. ನಾನು ಭಾವುಕಳಾಗಿ, “ನೀನು ನನ್ನ ಒಡಹುಟ್ಟಿದ ತಮ್ಮ ಅಂತ ನನಗೆ ಮೊದಲೇ ಗೊತ್ತಿತ್ತು ಅಂತಾಳೆ” ಅಂದೆ. ಮರುಕ್ಷಣ ಅವರಿಬ್ಬರೂ ತಬ್ಬಿಕೊಂಡು ಮುತ್ತು ಕೊಡತೊಡಗಿದರು!

ಪರಾಸ್ಕಾ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು. “ಅಯ್ಯೋ ಭಗವಂತಾ, ಅಕ್ಕ ತಮ್ಮ!”

“ದತ್ತು ತಗೊಂಡಿದ್ದಂತೆ ಕಣೇ, ರಕ್ತಸಂಬಂಧ ಅಲ್ವಂತೆ” ಅಂತ ತೇಪೆ ಹಾಕಿದೆ.

“ಹಾಗಾದ್ರೆ ಸರಿ. ಆದ್ರೂ ನಾರ್ವೆಯವರು ಹಿಂಗಾ?” ಅಂದು ಸೂರ್ಯಕಾಂತಿ ಬೀಜ ಬಿಡಿಸುತ್ತ ಕೂತಳು.

ಅವಳಿಗೆ ಅದು ಎಷ್ಟು ಹಿಡಿಸಿತು ಅಂದರೆ ಕೊನೆಯ ಕಂತಿನಲ್ಲಿ ಕರವಸ್ತ್ರ ಒದ್ದೆ ಮಾಡಿಕೊಂಡಳು. ನನಗೂ ಸುಳ್ಳು ಹೇಳಬೇಕಲ್ಲ ಅಂತ ಸಂಕಟವಾದರೂ, ನಡುನಡುವೆ ಒಂಥರಾ ಖುಷಿಯೂ ಆಗುತ್ತಿತ್ತು, ಇಲ್ಲ ಅನ್ನಲಾರೆ. ಬರೆಯುವವರಿಗೆ ಹೀಗೇ ಆಗುತ್ತದೋ ಏನೋ.

ಜನವರಿಯಲ್ಲಿ, ಹಳೇ ಕ್ಯಾಲೆಂಡರಿನ ನಮ್ಮ ಕ್ರಿಸ್ಮಸ್ ಕಳೆದ ಮೇಲಿನ ಗುರುವಾರ, ಚರ್ಚಿನ ನೆಲಮಾಳಿಗೆಯಲ್ಲಿ ಎಂದಿನಂತೆ ಪೆರೋಗಿ ಕಡುಬು ಮಡಚಲು ಕೂತಿದ್ದೆವು. ಹದಿನಾಲ್ಕು ಹೆಂಗಸರು, ಆಲೂಗಡ್ಡೆಯ ಹೂರಣದ ಎರಡು ದೊಡ್ಡ ಹಂಡೆ. ಪರಾಸ್ಕಾ ಎಲ್ಲರಿಗೂ ನಾರ್ವೆಯ ಕಥೆ ಹೇಳುತ್ತಿದ್ದಳು. ಎದುರಿಗೆ ಕೂತ ಯೂಲಾ, ನಿನಗೆ ಗೊತ್ತಲ್ಲ, ಪೋಸ್ಟಾಫೀಸಿನ ಯೂಲಾ, ಅವಳು ಕೈ ನಿಲ್ಲಿಸಿದಳು.

“ಯಾವ ತಮ್ಮನೇ? ಅವಳಿಗೆ ತಮ್ಮನೇ ಇಲ್ಲ. ಅವನು ಅವಳ ಹಳೇ ಗಂಡ.”

“ನಿನಗೆ ಗೊತ್ತಿಲ್ಲ, ಸುಮ್ನಿರು. ದತ್ತು ತಗೊಂಡಿದ್ದು.”

“ದತ್ತೂ ಇಲ್ಲ, ಗಿತ್ತೂ ಇಲ್ಲ. ಕೊಲೆ ಮಾಡಿದ್ದು ಯಾರು ಹೇಳು ನೋಡೋಣ?”

“ಆ ಸೂಪಿನ ಅಜ್ಜಿ.”

“ಅಜ್ಜಿ ಪಾಪ ಕಿವುಡಿ. ಔಷಧಿ ಅಂಗಡಿಯವನೇ ಮೂರು ಕೊಲೇನೂ ಮಾಡಿದ್ದು!”

“ಆ ದೇವರಂಥ ಮನುಷ್ಯನ ಮೇಲೆ ಯಾಕೆ ಹಾಕ್ತೀಯ? ನಾಲಿಗೆಗೆ ಎಲುಬಿಲ್ಲ ನಿಂಗೆ!”

ಹಿಟ್ಟಿನ ಕೈಯಲ್ಲೇ ಯೂಲಾ ಫೋನ್ ತೆಗೆದು ಕಥೆಯ ಸಾರಾಂಶ ಗಟ್ಟಿಯಾಗಿ ಓದಿದಳು. ಹದಿಮೂರು ತಲೆಗಳು ನನ್ನ ಕಡೆ ತಿರುಗಿದವು. ನಾನು ತಲೆ ತಗ್ಗಿಸಿಕೊಂಡು ಪೆರೋಗಿಯ ಅಂಚು ಚಿವುಟುತ್ತಿದ್ದೆ. ಒಂದೇ ಪೆರೋಗಿಯನ್ನು ನಾಲ್ಕು ಸಲ ಚಿವುಟಿದೆ ಅಂತ ಕಾಣುತ್ತದೆ.

ಮನೆಗೆ ವಾಪಸು ಬರುವಾಗ ಕಾರು ನಾನೇ ಓಡಿಸುತ್ತಿದ್ದೆ. ಬಲಗಡೆ ಒಂದು ಟ್ರಕ್ಕು ನಿಂತದ್ದು ನನಗೆ ಕೊನೇ ಗಳಿಗೆಯಲ್ಲಿ ಕಂಡಿತು. ಪರಾಸ್ಕಾ ಬಾಗಿಲ ಹಿಡಿ ಬಿಗಿಯಾಗಿ ಹಿಡಿದುಕೊಂಡಳು. ಮನೆಗೆ ಬಂದವಳೇ ಒಂದು ಲಕೋಟೆಯ ಬೆನ್ನಿಗೆ ಪೆನ್ಸಿಲಿನಿಂದ ದಪ್ಪಗೆ ಏನೋ ಬರೆದು ನನ್ನ ಮುಂದಿಟ್ಟಳು.

“ಓದು.”

“ನನಗೆ ತಲೆನೋವು...”

“ಓದೇ.”

ನೋಡಿದೆ. ಎಷ್ಟು ಹೊತ್ತು ನೋಡಿದರೂ ಗೆರೆಗಳೇ. “ಗೊತ್ತಾಗಲ್ಲ” ಅಂದೆ. ಸೆಪ್ಟೆಂಬರಿನಿಂದ ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು ಅದು.

“ನಿನ್ನ ಹೆಸರು ಕಣೇ ಅದು. ಡೋರೀನ್ ಅಂತ ಬರೆದಿದೀನಿ” ಅಂದಳು. ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ. ಗೂಟದಿಂದ ನನ್ನ ಕೋಟು ತೆಗೆದು, ಮಗುವಿಗೆ ತೊಡಿಸುವ ಹಾಗೆ ಒಂದೊಂದೇ ತೋಳು ತೂರಿಸಿ, ಗುಂಡಿ ಹಾಕಿ, “ನಡಿ. ಕೀ ಕೊಡು ಇಲ್ಲಿ” ಅಂದಳು. ಹನ್ನೆರಡು ವರ್ಷದಿಂದ ಸ್ಟೇರಿಂಗ್ ಮುಟ್ಟದವಳು ಆ ಹಿಮದಲ್ಲಿ ಆಸ್ಪತ್ರೆಯವರೆಗೆ ಕಾರು ಓಡಿಸಿದಳು. ಮೊದಲನೇ ಗೇರು ಬಿಟ್ಟು ಎರಡನೆಯದಕ್ಕೆ ಬರಲೇ ಇಲ್ಲ.

ಮೆದುಳಿನ ಹಿಂಬದಿಯಲ್ಲಿ ಎಡಗಡೆ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತಂತೆ. ಲಕ್ವದ ಜಾತಿಯದೇ, ಆದರೆ ಕೈಕಾಲು ಮಾತು ಎಲ್ಲ ಬಿಟ್ಟು ಓದನ್ನು ಮಾತ್ರ ಹೊಡೆದಿದೆ. ಬರೆಯುವ ಜಾಗ ಬೇರೆ, ಅದಕ್ಕೆ ಏನೂ ಆಗಿಲ್ಲ. ವೈದ್ಯ ವಯಸ್ಸಿನಲ್ಲಿ ಸಣ್ಣವನು, “ಅವತ್ತೇ ಬಂದಿದ್ರೆ ಎಷ್ಟೋ ಚೆನ್ನಾಗಿತ್ತು ಅಮ್ಮಾ” ಅಂತ ಮೆಲ್ಲಗೆ ಅಂದ. ಮೆಲ್ಲಗೆ ಅಂದದ್ದಕ್ಕೇ ಜಾಸ್ತಿ ನಾಟಿತು. ಆದರೆ ನಿಜ ಹೇಳಲಾ ಲೋರೆಟಾ? ಅದಕ್ಕೊಂದು ಹೆಸರಿದೆ, ಬೇರೆಯವರಿಗೂ ಆಗಿದೆ, ನನಗೆ ಹುಚ್ಚು ಹಿಡಿಯುತ್ತಿಲ್ಲ ಅಂತ ತಿಳಿದ ಆ ರಾತ್ರಿ ಆಸ್ಪತ್ರೆಯ ಗಟ್ಟಿ ಹಾಸಿಗೆಯ ಮೇಲೆ ನಾನು ಎಂಟು ಗಂಟೆ ನಿದ್ದೆ ಮಾಡಿದೆ. ಮೂರು ತಿಂಗಳಿಂದ ಅಂಥ ನಿದ್ದೆ ಕಂಡಿರಲಿಲ್ಲ.

ಲೈಸೆನ್ಸ್ ಹೋಯಿತು. ಬಲಗಡೆಯ ನೋಟ ಸ್ವಲ್ಪ ಕತ್ತಲೆಯಾಗಿಯೇ ಉಳಿದಿದೆ, ಅದು ತಿರುಗಿ ಬರುವುದು ಕಷ್ಟವಂತೆ. ಇದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಹದಿನೈದು ದಿನಕ್ಕೊಮ್ಮೆ ಬ್ರಾಂಡನ್‌ಗೆ ಹೋಗುತ್ತೇವೆ. ಎಲ್ಲರೂ ಎರಡು ಗಂಟೆಯಲ್ಲಿ ಹೋಗುವ ದಾರಿ, ಪರಾಸ್ಕಾಳಿಗೆ ಮೂರು. ಹಿಂದೆ ಬಂದವರೆಲ್ಲ ಹಾರ್ನ್ ಹೊಡೆದರೆ, “ನನ್ನ ನೋಡಿ ನಮಸ್ಕಾರ ಹೇಳ್ತಿದಾರೆ” ಅಂತ ಕೈ ಬೀಸುತ್ತಾಳೆ. ಅಲ್ಲಿ ನನಗೆ ಓದು ಕಲಿಸುವವಳು ಮಾರಿವಿಕ್ ಅಂತ, ಮೂವತ್ತರ ಆಸುಪಾಸು, ಫಿಲಿಪ್ಪೀನ್ಸಿನ ಮನೆತನ, ಹುಟ್ಟಿ ಬೆಳೆದದ್ದು ವಿನಿಪೆಗ್ಗಿನಲ್ಲಿ. ನನ್ನನ್ನು ಟೀಟಾ ಅನ್ನುತ್ತಾಳೆ, ಅವರ ಮನೆಯಲ್ಲಿ ಚಿಕ್ಕಮ್ಮಂದಿರನ್ನು ಹಾಗೇ ಕರೆಯುವುದಂತೆ. ಮೊದಲ ದಿನವೇ ನನ್ನ ಅಂಗೈ ಹಿಡಿದುಕೊಂಡು, “ಟೀಟಾ, ಕಣ್ಣು ಮರೆತಿದ್ದನ್ನ ಕೈ ಮರೆತಿಲ್ಲ. ಅಕ್ಷರ ನೋಡ್ಬೇಡಿ, ಅದರ ಮೇಲೆ ಬೆರಳು ಆಡಿಸಿ” ಅಂದಳು. ಆಡಿಸಿದೆ. ಬೆರಳು ಒಂದು ಗೆರೆ ಇಳಿಯಿತು, ಮೇಲೊಂದು ಅಡ್ಡಗೆರೆ ಎಳೆಯಿತು, ಟಿ ಅಂತ ಅಕ್ಷರ ತಾನಾಗಿ ಬಾಯಿಗೆ ಬಂತು! ಹೀಗೆ ಒಂದೊಂದೇ ಕೂಡಿಸಿ ಒಂದು ಪದವಾಗಲು ಐದು ನಿಮಿಷ. ಮೊದಲು ಓದಿದ ಪದ ಯಾವುದು ಗೊತ್ತೇ? ಗೋಡೆಯ ಮೇಲಿದ್ದ “ಟಾಯ್ಲೆಟ್”. ಇರಲಿ, ಉಪಯೋಗದ್ದೇ.

ಆಮೇಲೆ ನಿತ್ಯ ಬೆಳಿಗ್ಗೆ ಒಂದು ಗಂಟೆ. ಮೊದಲು ಡಬ್ಬಗಳು, ಆಮೇಲೆ ಬೀದಿಯ ಹೆಸರುಗಳು, ಆಮೇಲೆ ಆ ಕರಡಿಮರಿ. ಈಗ ಬೆರಳನ್ನು ತೊಡೆಯ ಮೇಲೆ ಗುಟ್ಟಾಗಿ ಆಡಿಸಿದರೆ ಸಾಕು. ಯಾರೂ ಕಾಣದ ಹಾಗೆ ಓದುತ್ತೇನೆ, ಮೊಣಕಾಲು ತುರಿಸಿಕೊಂಡ ಹಾಗೆ.

ಉಳಿದ ವರದಿ ಚುಟುಕಾಗಿ. ಫೆಬ್ರವರಿಯಲ್ಲಿ ಹೆಂಗಸರ ಕರ್ಲಿಂಗ್ ಪಂದ್ಯ ಪೂರ್ತಿ ನೋಡಿದೆ. ಓದು ಬಾರದವಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಮಂಜುಗಡ್ಡೆಯ ಮೇಲೆ ಕಲ್ಲು ಜಾರುತ್ತದೆ, ಹೆಂಗಸರು ಪೊರಕೆ ತಿಕ್ಕುತ್ತ ಕಿರುಚುತ್ತಾರೆ, ಎಲ್ಲ ಅರ್ಥವಾಗುತ್ತದೆ. ಕೇಕು ಮಾಡುವ ಸ್ಪರ್ಧೆ ಪರಾಸ್ಕಾಳ ಆಯ್ಕೆ. ಕೇಕು ಕುಸಿದಾಗಲೆಲ್ಲ ಆ ಜನ ಯಾಕೆ ಅಷ್ಟು ಅಳುತ್ತಾರೋ, ಕುಸಿದರೂ ತಿನ್ನಲು ಬರುತ್ತದಲ್ಲ. ನೀನು ಬೇಸಿಗೆಯಲ್ಲಿ ಹೇಳಿದ ದೀಪಸ್ತಂಭದ ಕಾದಂಬರಿಯನ್ನು ಲೈಬ್ರರಿಯಿಂದ ಧ್ವನಿಯಲ್ಲಿ ತರಿಸಿಕೊಂಡು ಕೇಳಿದೆ, ಹತ್ತೊಂಬತ್ತು ಗಂಟೆ. ಓದಿದವನದು ಮೂಗಿನ ದನಿ. ನಾಯಕಿ ಮಾತಾಡಿದಾಗಲೂ ನೆಗಡಿ, ಕಡಲು ಮೊರೆದಾಗಲೂ ನೆಗಡಿ. ಆದರೂ ಆ ತಂಗಿ ಕೊನೆಯಲ್ಲಿ ದೀಪ ಹಚ್ಚಲು ಒಬ್ಬಳೇ ಮೇಲೆ ಹತ್ತುತ್ತಾಳಲ್ಲ, ಆಗ ನಾನು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನೀರು ಸೋರಲು ಬಿಟ್ಟು ಕೇಳಿದೆ. ನೀನು ಹೇಳಿದ್ದು ನಿಜ. ನಡುವಿನ ನೂರು ಪುಟ ಮಾತ್ರ ಕತ್ತರಿಸಬೇಕಿತ್ತು.

ನಾರ್ವೆಯ ಪೊಲೀಸಮ್ಮ ಕಳೆದ ತಿಂಗಳು ಮತ್ತೆ ಬಂದಿದ್ದಾಳೆ, ಎರಡನೆಯ ಭಾಗ. ಓಡುವ ಅಕ್ಷರದ ವೇಗಕ್ಕೆ ನನ್ನ ಬೆರಳು ಸಾಲದು. ಹಾಗಾಗಿ ಪರಾಸ್ಕಾ ಕೊನೆಗೂ ಕನ್ನಡಕ ಮಾಡಿಸಿಕೊಂಡಳು, ದಪ್ಪ ನೀಲಿ ಚೌಕಟ್ಟಿನದು. ಈಗ ಅವಳು ಓದುತ್ತಾಳೆ, ನಾನು ಕೇಳುತ್ತೇನೆ. ಎರಡು ಕಂತು ನೋಡಿ, “ಇದರಲ್ಲೇನಿದೆ? ನಿನ್ನ ಕಥೇನೇ ಚೆನ್ನಾಗಿತ್ತು” ಅಂದಳು. ಮೂರನೆಯ ಕಂತಿನಿಂದ ಅವಳೂ ಅಲ್ಲಲ್ಲಿ ತನ್ನದನ್ನು ಸೇರಿಸುತ್ತಿದ್ದಾಳೆ ಅಂತ ನನಗೆ ಗುಮಾನಿ. ಪೊಲೀಸಮ್ಮ ಇದ್ದಕ್ಕಿದ್ದಂತೆ, “ಬೋರ್ಷ್ ಸೂಪಿಗೆ ವಿನೆಗರ್ ಹಾಕಬಾರದು” ಅಂತ ನಮ್ಮ ಮನೆಯ ಬೀಟ್‌ರೂಟ್ ಸೂಪಿನ ಮಾತು ಯಾಕೆ ಆಡುತ್ತಾಳೆ?

ನಿನ್ನ ಮಗಳಿಗೆ ನನ್ನ ಪ್ರೀತಿ ಹೇಳು. ಭಾನುವಾರ ಈಸ್ಟರ್. ಇವತ್ತೇ ಪಾಸ್ಕಾ ರೊಟ್ಟಿಗೆ ಹಿಟ್ಟು ನಾದಬೇಕು, ಪರಾಸ್ಕಾ ಮೊಟ್ಟೆ ಒಡೆಯುವ ಸದ್ದು ಆಗಲೇ ಕೇಳುತ್ತಿದೆ. ನಿನ್ನ ಮನೆಯಲ್ಲಿ ಬೆಳಕಿರಲಿ, ನಿನ್ನ ಕಣ್ಣು ನೂರು ವರ್ಷ ಓದಲಿ, ನೀನು ಉಣ್ಣುವಾಗ ಯಾವತ್ತೂ ಎದುರಿಗೊಬ್ಬರು ಕೂತಿರಲಿ ಅಂತ ಬೇಡಿಕೊಳ್ಳುತ್ತೇನೆ.

ನಿನ್ನ ಹಳೆಯ ಡ್ರೈವರ್,
ಡೋರೀನ್

ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಅಷ್ಟೇ. ನಿನ್ನ ಅಕ್ಟೋಬರಿನ ಪತ್ರ. ಅದು ಬಂದಾಗ ನನಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಬೇರೆಯವರಿಂದ ಓದಿಸಿದರೆ ಗುಟ್ಟು ಬಯಲಾಗುತ್ತದೆ ಅಂತ ಬಟ್ಟೆಗಳ ಕೆಳಗೆ ಇಟ್ಟೆ. ನವೆಂಬರಿನಲ್ಲಿ ನೀನು ಫೋನ್ ಮಾಡಿದೆ. “ಪತ್ರ ಸಿಕ್ತಾ ಡೋರೀನ್? ಓದಿದ್ಯಾ?” ಅಂದೆ. ನಿನ್ನ ಪತ್ರ ಯಾವತ್ತೂ ನಗಿಸುವಂಥದೇ ಅಲ್ಲವೇ, ಹಾಗಂದುಕೊಂಡು, “ಓದ್ದೆ ಕಣೇ, ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು. ನಿನ್ನ ಥರ ಬರೆಯೋರು ಯಾರಿದಾರೆ?” ಅಂದುಬಿಟ್ಟೆ. ನೀನು “ಸರಿ ಡೋರೀನ್” ಅಂದು ಫೋನ್ ಇಟ್ಟುಬಿಟ್ಟೆ. ಡಿಸೆಂಬರಿನಲ್ಲಿ ನಿನ್ನ ಪತ್ರ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಏನೋ ದೊಡ್ಡ ತಪ್ಪಾಗಿದೆ ಅಂತ ಗೊತ್ತಾಗಿತ್ತು, ಏನು ಅಂತ ತಿಳಿಯಲು ಹೆದರಿಕೆ. ನಾನೇ ಓದಬೇಕು, ಇನ್ನೊಬ್ಬರ ಬಾಯಲ್ಲಿ ಕೇಳಬಾರದು ಅಂತ ಕಾದೆ.

ಕಳೆದ ವಾರ ಓದಿದೆ. ಎರಡು ಹಾಳೆಗೆ ಮೂರು ದಿನ. ಮೊದಲ ದಿನ, ನಿನ್ನ ಆರ್ಚಿ ನಿನ್ನನ್ನು ನೋಡಿ, “ನೀವು ಯಾರಮ್ಮಾ, ನನ್ನ ಹೆಂಡತಿ ಎಲ್ಲಿ?” ಅಂತ ಕೇಳಿದ್ದರವರೆಗೆ. ಎರಡನೆಯ ದಿನ, ಅವನು ಚಳಿಯಲ್ಲಿ ಬರಿಗಾಲಲ್ಲಿ ಹೊರಟುಹೋಗಿದ್ದು, ನೀನು ಬೀದಿಬೀದಿ ಹುಡುಕಿದ್ದು. ಮೂರನೆಯ ದಿನ ಕೊನೆಯ ಸಾಲು. ಒಂದೊಂದೇ ಅಕ್ಷರ ಬೆರಳಿನಿಂದ ಬರೆದು ಓದಿದ್ದರಿಂದ ಅದು ನನ್ನ ಕೈಗೇ ಬಾಯಿಪಾಠವಾಗಿದೆ. “ಅವನನ್ನ ವೃದ್ಧಾಶ್ರಮಕ್ಕೆ ಸೇರಿಸಿದ್ರೆ ಕೈಬಿಟ್ಟ ಹಾಗಾ? ಮಗಳನ್ನ ಕೇಳಲಾರೆ. ದಾಕ್ಷಿಣ್ಯ ಇಲ್ಲದೆ ಹೇಳೋಳು ನೀನೊಬ್ಬಳೇ. ನೀನು ಹೇಳಿದ ಹಾಗೆ ಮಾಡ್ತೀನಿ.”

ಅದಕ್ಕೆ ನಾನು ನಕ್ಕೆ ಅಂತ ಹೇಳಿದೆ.

ಅವನನ್ನು ಸೇರಿಸಿದೆಯೋ, ಇನ್ನೂ ಒಬ್ಬಳೇ ಎತ್ತಿ ಇಳಿಸುತ್ತಿದ್ದೀಯೋ ನನಗೆ ಗೊತ್ತಿಲ್ಲ. ಆರು ತಿಂಗಳು ತಡವಾಗಿ ಹೇಳುತ್ತಿದ್ದೇನೆ. ಇಲ್ಲ ಲೋರೆಟಾ, ಕೈಬಿಟ್ಟ ಹಾಗಲ್ಲ. ಬಸ್ಸಿನ ಬ್ಯಾಟರಿ ಸತ್ತು ನಾವಿಬ್ಬರೂ ರಸ್ತೆಯ ಮೇಲೆ ಹೆಪ್ಪುಗಟ್ಟುತ್ತಿದ್ದ ದಿನ ಮೈನಸ್ ಮೂವತ್ತೆಂಟರಲ್ಲಿ ಬಿಸಿ ಕಾಫಿ ಹಿಡಿದುಕೊಂಡು ಬಂದವನು ಆರ್ಚಿ. ಬುದ್ಧಿ ನೆಟ್ಟಗಿದ್ದಿದ್ದರೆ ಅವನೇ ನಿನ್ನ ಕೈ ಹಿಡಿದು ಹೇಳುತ್ತಿದ್ದ. ಸೇರಿಸಿಯಾಗಿದ್ದರೆ ಸರಿಯಾಗಿಯೇ ಮಾಡಿದ್ದೀಯ. ಸೇರಿಸಿಲ್ಲದಿದ್ದರೆ ನಾಳೆಯೇ ಹೋಗಿ ಮಾತಾಡು.

ಈಸ್ಟರ್ ದಿನ ಮಧ್ಯಾಹ್ನ ಫೋನ್ ಮಾಡುತ್ತೇನೆ. ನೀನು ಎತ್ತದಿದ್ದರೆ ಸೋಮವಾರವೂ ಮಾಡುತ್ತೇನೆ. ಆವತ್ತು ನಾನು ನಕ್ಕಿರಲಿಲ್ಲ ಕಣೇ. ಆ ತಿಂಗಳೆಲ್ಲ ನಾನು ನಕ್ಕೇ ಇರಲಿಲ್ಲ.